ಅಮ್ಮನ ಸಿಎ-125 ರಿಪೋರ್ಟ್ 68 ಬಂದಿದೆ, ಪೆಟ್ ಸ್ಕ್ಯಾನ್ ಮಾಡಿಸಬೇಕಾ?

ಬೆಣ್ಣೆನಗರಿ:
ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಅಮ್ಮನಿಗೆ 48 ವರ್ಷ. ಬಿಪಿ ಬಿಟ್ಟರೆ ಬೇರೆ ಕಾಯಿಲೆ ಇಲ್ಲ. ಮುಟ್ಟು ಇನ್ನೂ ನಿಂತಿಲ್ಲ. ಆ ದಿನಗಳಲ್ಲಿ ಹೊಟ್ಟೆನೋವು, ಬ್ಲೀಡಿಂಗ್ ಮೊದಲಿಂದಲೂ ಜಾಸ್ತಿ. ಅಣ್ಣ ಬೆಂಗಳೂರಿನಲ್ಲಿ ಕೂತೇ ಆನ್‌ಲೈನ್‌ನಲ್ಲಿ ಫುಲ್ ಬಾಡಿ ಚೆಕಪ್ ಬುಕ್ ಮಾಡಿದ್ದ. ಅದರಲ್ಲಿ ಕ್ಯಾನ್ಸರ್ ಪ್ಯಾನೆಲ್ ಅಂತಲೂ ಸೇರಿತ್ತು. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದರು. ರಿಪೋರ್ಟ್ ಮೊಬೈಲ್‌ಗೆ ಬಂತು. ಸಿಎ-125 ಅನ್ನುವ ರಕ್ತ ಪರೀಕ್ಷೆ ಎದುರು 68 ಅಂತ ಇದೆ, ಪಕ್ಕದಲ್ಲಿ ಕೆಂಪು ಗುರುತು. ನಾರ್ಮಲ್ ಅಂದರೆ 35ರ ಒಳಗಿರಬೇಕಂತೆ. ಅದೇ ಪ್ಯಾನೆಲ್‌ನ ಬೇರೆ ಪರೀಕ್ಷೆಗಳಾದ ಸಿಇಎ, ಎಎಫ್‌ಪಿ ಸರಿ ಇವೆ.

ಅಮ್ಮ ಮೊಬೈಲ್‌ನಲ್ಲಿ ಹುಡುಕಿ, ಅಂಡಾಶಯದ ಕ್ಯಾನ್ಸರ್ ಅಂತ ಓದಿಕೊಂಡು ಸರಿಯಾಗಿ ಊಟವನ್ನೇ ಮಾಡುತ್ತಿಲ್ಲ. ಇಲ್ಲೇ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದೆವು. ಗರ್ಭಕೋಶ ಸ್ವಲ್ಪ ದಪ್ಪ ಇದೆ, ಎರಡೂ ಅಂಡಾಶಯ ನಾರ್ಮಲ್, ಹೊಟ್ಟೆಯಲ್ಲಿ ನೀರಿಲ್ಲ ಅಂತ ಬರೆದಿದ್ದಾರೆ. ಅತ್ತೆ ಮಾತ್ರ "ಪೆಟ್ ಸ್ಕ್ಯಾನ್ ಮಾಡಿಸಿಬಿಡಿ, ಎಲ್ಲ ಗೊತ್ತಾಗುತ್ತೆ" ಅಂತ ಹಿಡಿದು ಕೂತಿದ್ದಾರೆ. ಅಣ್ಣ ನೇರ ಕಿದ್ವಾಯಿಗೆ ಕರೆದುಕೊಂಡು ಬಾ ಅಂತಾನೆ. ಗೊತ್ತಿರುವವರು ದಯವಿಟ್ಟು ಹೇಳಿ.

ತುಂಗಾತೀರ:
ಹೆದರಬೇಡಿ ಅಂತ ಅಮ್ಮನಿಗೆ ಹೇಳಿ. ಸ್ಕ್ಯಾನ್ ಚೆನ್ನಾಗಿದೆಯಲ್ಲ.

ಸ್ಯಾಂಪಲ್_ರೂಮ್:
ನಾನು ಲ್ಯಾಬ್‌ನಲ್ಲಿ ಕೆಲಸ ಮಾಡುವವನು, ಡಾಕ್ಟರ್ ಅಲ್ಲ. ಮೊದಲ ಪ್ರಶ್ನೆ: ರಕ್ತ ಕೊಟ್ಟ ದಿನ ಅಮ್ಮ ಮುಟ್ಟಾಗಿದ್ದರಾ? ಸಿಎ-125 ಕ್ಯಾನ್ಸರ್ ಜೀವಕೋಶ ಮಾತ್ರ ತಯಾರಿಸುವ ವಸ್ತು ಅಲ್ಲ. ಗರ್ಭಕೋಶದ ಒಳಪದರ, ಹೊಟ್ಟೆಯ ಒಳಗಿನ ಪೊರೆ, ಶ್ವಾಸಕೋಶದ ಸುತ್ತಲ ಪೊರೆ, ಇವೆಲ್ಲ ಕೆರಳಿದಾಗ ಅದನ್ನು ಬಿಡುತ್ತವೆ. ಮುಟ್ಟಿನ ದಿನಗಳಲ್ಲಿ, ಗರ್ಭಿಣಿಯಾಗಿದ್ದಾಗ, ಫೈಬ್ರಾಯ್ಡ್ ಗಡ್ಡೆ ಇದ್ದರೆ, ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವುದು) ಇದ್ದರೆ, ಲಿವರ್ ಸಿರೋಸಿಸ್ ಇದ್ದರೆ, ಹಾರ್ಟ್ ಫೇಲ್ಯೂರ್ ಆಗಿದ್ದರೂ ಏರುತ್ತದೆ.

35 ಅನ್ನುವ ಗೆರೆ ಎಲ್ಲಿಂದ ಬಂತು ಅಂತಲೂ ಹೇಳುತ್ತೇನೆ. 1983ರಲ್ಲಿ ಅಮೆರಿಕದ ರಾಬರ್ಟ್ ಬ್ಯಾಸ್ಟ್ ತಂಡ 888 ಆರೋಗ್ಯವಂತರ ರಕ್ತ ಪರೀಕ್ಷಿಸಿತು. ಅವರಲ್ಲಿ ನೂರಕ್ಕೆ ಒಬ್ಬರಲ್ಲಿ 35 ದಾಟಿತ್ತು. ಅಂಡಾಶಯದ ಕ್ಯಾನ್ಸರ್ ಇದ್ದ 101 ಜನರಲ್ಲಿ 83 ಜನರದ್ದು ದಾಟಿತ್ತು. ಆಗ ಹಾಕಿದ ಗೆರೆಯೇ ಇವತ್ತು ನಿಮ್ಮ ರಿಪೋರ್ಟ್‌ನಲ್ಲಿ ಕೆಂಪು ಗುರುತಾಗಿ ಬರುತ್ತಿರುವುದು.

ಇನ್ನೊಂದು. ಕೂದಲು ಉದುರುತ್ತೆ ಅಂತ ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಲ್ಯಾಬ್‌ನವರಿಗೆ ಹೇಳಿ. ಕೆಲವು ಮೆಷಿನ್‌ಗಳಲ್ಲಿ ಅದು ರಿಪೋರ್ಟನ್ನೇ ತಪ್ಪಾಗಿಸುತ್ತದೆ. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗ್ಗೆ ಎಚ್ಚರಿಕೆಯನ್ನೇ ಕೊಟ್ಟಿತ್ತು.

ಚಿಕ್ಕಮ್ಮನ_ಮಗಳು:
ಹೆದರಬೇಡಿ ಅಂತ ಹೇಳುವುದು ಸುಲಭ. ನನ್ನ ಚಿಕ್ಕಮ್ಮನಿಗೆ ತಿಂಗಳುಗಟ್ಟಲೆ ಹೊಟ್ಟೆ ಉಬ್ಬರ ಇತ್ತು. ಎರಡು ತುತ್ತು ತಿಂದರೆ ಹೊಟ್ಟೆ ತುಂಬಿತು ಅನ್ನುತ್ತಿದ್ದರು. ತೋರಿಸಿದ ಕಡೆಯೆಲ್ಲ ಗ್ಯಾಸ್ಟ್ರಿಕ್ ಅಂತಲೇ ಮಾತ್ರೆ ಕೊಟ್ಟರು. ಕೊನೆಗೆ ಸ್ಕ್ಯಾನ್ ಮಾಡಿದಾಗ ಮೂರನೇ ಹಂತ. ಸಿಎ-125 ಸಾವಿರದ ಮೇಲಿತ್ತು. ಒಂದು ರಕ್ತ ಪರೀಕ್ಷೆ ಮೊದಲೇ ಮಾಡಿಸಿದ್ದರೆ ಅವರು ಇವತ್ತು ಇರುತ್ತಿದ್ದರೋ ಏನೋ. ಹಾಗಾಗಿ ಯಾರೂ ಸುಮ್ಮನೆ ಸಮಾಧಾನ ಹೇಳಬೇಡಿ. 68 ಅಂದರೆ 35ರ ಎರಡರಷ್ಟು.

ಹೆರಿಗೆವಾರ್ಡ್:
ಚಿಕ್ಕಮ್ಮನ_ಮಗಳು, ನಿಮ್ಮ ಚಿಕ್ಕಮ್ಮನ ವಿಷಯದಲ್ಲಿ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಹೆರಿಗೆ ಮತ್ತು ಸ್ತ್ರೀರೋಗ ವಿಭಾಗದಲ್ಲಿರುವ ಡಾಕ್ಟರ್. ಹೊಟ್ಟೆ ಉಬ್ಬರ, ಬೇಗ ಹೊಟ್ಟೆ ತುಂಬುವುದು, ಕೆಳಹೊಟ್ಟೆ ನೋವು, ಪದೇ ಪದೇ ಮೂತ್ರಕ್ಕೆ ಹೋಗಬೇಕು ಅನ್ನಿಸುವುದು, ಇವು ಹೊಸದಾಗಿ ಶುರುವಾಗಿ ಬಿಡದೇ ಇದ್ದರೆ, ಅದರಲ್ಲೂ 50 ದಾಟಿದವರಲ್ಲಿ, ಸಿಎ-125 ಮಾಡಿಸಲೇಬೇಕು. 35 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸ್ಕ್ಯಾನ್. ಡಾಕ್ಟರ್‌ಗಳಿಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2011ರಲ್ಲೇ ಹೀಗೆ ಬರೆದಿಟ್ಟಿದೆ. ಅವರಿಗೆ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸಿದ್ದು ನೋವಿನ ವಿಷಯ, ನಮ್ಮಲ್ಲಿ ಇದು ಬಹಳ ನಡೆಯುತ್ತದೆ.

ಆದರೆ ಬೆಣ್ಣೆನಗರಿಯವರ ಅಮ್ಮನಿಗೆ ಅಂಥ ಹೊಸ ಲಕ್ಷಣ ಯಾವುದೂ ಇಲ್ಲ, ಮುಟ್ಟಿನ ನೋವು ಮೊದಲಿಂದಲೂ ಇರುವುದು. ತೊಂದರೆ ಇರುವವರಿಗೆ ಮಾಡಿದ ಪರೀಕ್ಷೆ ಬೇರೆ, ತೊಂದರೆಯೇ ಇಲ್ಲದವರಿಗೆ ಪ್ಯಾಕೇಜ್‌ನಲ್ಲಿ ಮಾಡಿದ ಪರೀಕ್ಷೆ ಬೇರೆ. ಲೆಕ್ಕ ನೋಡಿ. ಮುಟ್ಟು ನಿಂತ 10,000 ಹೆಂಗಸರನ್ನು ತೆಗೆದುಕೊಂಡರೆ ಅವರಲ್ಲಿ ಈ ಕ್ಯಾನ್ಸರ್ ಇರುವವರು ಅಂದಾಜು 4 ಜನ. ಪರೀಕ್ಷೆ ಅದರಲ್ಲಿ 3 ಜನರನ್ನು ಹಿಡಿಯಿತು ಅಂತಿಟ್ಟುಕೊಳ್ಳಿ. ಉಳಿದ ಆರೋಗ್ಯವಂತರಲ್ಲಿ ನೂರಕ್ಕೆ ಒಬ್ಬರಿಗೆ ಸುಳ್ಳೇ ಏರಿದರೂ 100 ಜನ ಆಗುತ್ತಾರೆ. 103 ಕೆಂಪು ರಿಪೋರ್ಟ್, ನಿಜವಾದ ಕಾಯಿಲೆ 3. ಮುಟ್ಟು ಇನ್ನೂ ಇರುವವರಲ್ಲಿ ಕಾಯಿಲೆ ಇನ್ನೂ ಅಪರೂಪ, ಸುಳ್ಳು ಏರಿಕೆ ಇನ್ನೂ ಜಾಸ್ತಿ.

ಬಯಲುಸೀಮೆ:
ಡಾಕ್ಟ್ರೇ, ಆ 3 ಜನರ ಜೀವ ಉಳಿದರೆ ಉಳಿದ 100 ಜನ ಒಂದಿಷ್ಟು ದಿನ ಹೆದರಿದರೆ ಏನಂತೆ? ಅದೇನು ದೊಡ್ಡ ನಷ್ಟವಾ?

ಹೆರಿಗೆವಾರ್ಡ್:
ಜೀವ ಉಳಿದರೆ ಅಂದಿರಲ್ಲ, ಅದನ್ನೇ ಬ್ರಿಟನ್‌ನಲ್ಲಿ ಪರೀಕ್ಷಿಸಿ ನೋಡಿದರು. 2001ರಿಂದ 2005ರವರೆಗೆ ಎರಡು ಲಕ್ಷಕ್ಕೂ ಮೀರಿದ ಹೆಂಗಸರನ್ನು ಸೇರಿಸಿಕೊಂಡರು. ಒಂದು ಗುಂಪಿಗೆ ವರ್ಷ ವರ್ಷ ಸಿಎ-125, ಅದು ಏರಿದರೆ ಸ್ಕ್ಯಾನ್. ಇನ್ನೊಂದು ಗುಂಪಿಗೆ ವರ್ಷ ವರ್ಷ ಸ್ಕ್ಯಾನ್ ಮಾತ್ರ. ಮೂರನೇ ಗುಂಪಿಗೆ ಏನೂ ಇಲ್ಲ. 16 ವರ್ಷಕ್ಕೂ ಜಾಸ್ತಿ ಕಾದು 2021ರಲ್ಲಿ ಫಲಿತಾಂಶ ಹೇಳಿದರು. ಸಿಎ-125 ಗುಂಪಿನಲ್ಲಿ ಮೊದಲ ಹಂತದ ಕ್ಯಾನ್ಸರ್ ಜಾಸ್ತಿ ಸಿಕ್ಕಿತು. ಆದರೆ ಈ ಕ್ಯಾನ್ಸರ್‌ನಿಂದ ಸತ್ತವರ ಪ್ರಮಾಣ ಯಾವ ಗುಂಪಿನಲ್ಲೂ ಕಡಿಮೆಯಾಗಲಿಲ್ಲ. ಇನ್ನು ನಷ್ಟದ ಮಾತು. ಆ 100 ಜನರಲ್ಲಿ ಕೆಲವರಿಗೆ ಆಪರೇಷನ್ ಆಗುತ್ತದೆ. ಏನೂ ಇಲ್ಲದ ಅಂಡಾಶಯ ತೆಗೆಯುತ್ತಾರೆ. ಆಪರೇಷನ್‌ಗೂ ಅದರದ್ದೇ ಅಪಾಯ ಇದೆ. ಇದು ಬರೀ ಹೆದರಿಕೆಯ ಪ್ರಶ್ನೆ ಅಲ್ಲ.

ಬಯಲುಸೀಮೆ:
ಬೇಗ ಸಿಕ್ಕರೂ ಸಾವು ಕಡಿಮೆಯಾಗಲಿಲ್ಲ ಅಂದರೆ ನಂಬುವುದೇ ಕಷ್ಟ. ಬೇಗ ಕಂಡುಹಿಡಿದರೆ ಗುಣವಾಗುತ್ತೆ ಅಂತಲೇ ಅಲ್ವಾ ಎಲ್ಲ ಕಡೆ ಬೋರ್ಡ್ ಹಾಕಿರುವುದು?

ಕತ್ತಲೆಕೋಣೆ:
ರೇಡಿಯಾಲಜಿಯಲ್ಲಿದ್ದೇನೆ. ಅತ್ತೆಯ ಪೆಟ್ ಸ್ಕ್ಯಾನ್ ಮಾತಿಗೆ ಉತ್ತರ ಕೊಡುತ್ತೇನೆ, ಯಾಕಂದರೆ ಆ ನಂಬಿಕೆ ಎಲ್ಲ ಕಡೆ ಇದೆ.

ಪೆಟ್ ಸ್ಕ್ಯಾನ್‌ನಲ್ಲಿ ಕ್ಯಾನ್ಸರ್ ಕಾಣುವುದಿಲ್ಲ, ಸಕ್ಕರೆ ಕಾಣುತ್ತದೆ. ವಿಕಿರಣ ಹೊಮ್ಮಿಸುವ ಫ್ಲೋರಿನ್-18 ಜೋಡಿಸಿದ ಗ್ಲೂಕೋಸನ್ನು ಕೈ ನರಕ್ಕೆ ಕೊಡುತ್ತಾರೆ. ಸುಮಾರು 110 ನಿಮಿಷಕ್ಕೆ ಅದರ ವಿಕಿರಣ ಅರ್ಧಕ್ಕೆ ಇಳಿಯುತ್ತದೆ. ಯಾವ ಭಾಗ ಗ್ಲೂಕೋಸ್ ಜಾಸ್ತಿ ಎಳೆದುಕೊಳ್ಳುತ್ತೋ ಅದು ಚಿತ್ರದಲ್ಲಿ ಹೊಳೆಯುತ್ತದೆ. ಕ್ಯಾನ್ಸರ್ ಎಳೆದುಕೊಳ್ಳುತ್ತದೆ, ಸರಿ. ಟಿಬಿ ಗಂಟೂ ಎಳೆದುಕೊಳ್ಳುತ್ತದೆ. ಕೀವು ತುಂಬಿದ ಜಾಗವೂ ಹೊಳೆಯುತ್ತದೆ. ಮಿದುಳು, ಮೂತ್ರಕೋಶ ಎಲ್ಲರಲ್ಲೂ ಹೊಳೆಯುತ್ತವೆ, ಹೃದಯ ಎಷ್ಟೋ ಜನರಲ್ಲಿ ಹೊಳೆಯುತ್ತದೆ. ಮುಟ್ಟು ಇರುವ ಹೆಂಗಸರಲ್ಲಿ ತಿಂಗಳ ಕೆಲವು ದಿನ ಅಂಡಾಶಯ, ಗರ್ಭಕೋಶದ ಒಳಪದರ ಕೂಡ ಹೊಳೆಯುತ್ತವೆ. ಅಮ್ಮನ ವಯಸ್ಸಿಗೆ ಈಗ ಪೆಟ್ ಮಾಡಿಸಿದರೆ ಇರುವ ಒಂದು ಪ್ರಶ್ನೆಗೆ ಇನ್ನೊಂದು ಪ್ರಶ್ನೆ ಸೇರುವ ಸಾಧ್ಯತೆಯೇ ಜಾಸ್ತಿ. ಕ್ಯಾನ್ಸರ್ ಅಂತ ಖಚಿತವಾದ ಮೇಲೆ ಎಲ್ಲೆಲ್ಲಿ ಹರಡಿದೆ ಅಂತ ನೋಡಲು ಅದು ಒಳ್ಳೆಯದು.

ನೀವು ಮಾಡಿಸಬೇಕಾದದ್ದು ಒಳಗಿನಿಂದ, ಅಂದರೆ ಯೋನಿಯ ಮೂಲಕ ಮಾಡುವ ಸ್ಕ್ಯಾನ್, ಟಿವಿಎಸ್ ಅಂತಾರೆ. ಹೊಟ್ಟೆಯ ಮೇಲಿಂದ ಮಾಡಿದರೆ ಕೊಬ್ಬು, ಗ್ಯಾಸ್ ಅಡ್ಡ ಬರುತ್ತವೆ. ಒಳಗಿನಿಂದ ಅಂಡಾಶಯ ಹತ್ತಿರದಿಂದ ಕಾಣುತ್ತದೆ. ಗರ್ಭಕೋಶ ದಪ್ಪ ಅಂತ ಬರೆದಿದ್ದಾರಲ್ಲ, ಅದು ಅಡಿನೋಮಯೋಸಿಸ್ (ಗರ್ಭಕೋಶದ ಒಳಪದರ ಅದರ ಗೋಡೆಯೊಳಗೆ ಬೆಳೆಯುವುದು) ಹೌದೋ ಅಲ್ಲವೋ ಅಂತಲೂ ಅದರಲ್ಲೇ ಚೆನ್ನಾಗಿ ಗೊತ್ತಾಗುತ್ತದೆ.

ಬೆಣ್ಣೆನಗರಿ:
ತುಂಬಾ ಧನ್ಯವಾದ ಎಲ್ಲರಿಗೂ. ಅಮ್ಮನನ್ನು ಕೇಳಿದೆ. ರಕ್ತ ಕೊಟ್ಟದ್ದು ಮುಟ್ಟಿನ ಎರಡನೇ ದಿನವಂತೆ. ಬಂದ ಹುಡುಗ ಏನೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ನಾಳೆ ಲೇಡಿ ಡಾಕ್ಟರ್ ಹತ್ತಿರ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದೇನೆ. ಅವರ ಹತ್ತಿರ ಏನು ಕೇಳಬೇಕು?

ಹೆರಿಗೆವಾರ್ಡ್:
ಒಳ್ಳೆಯದು. ನಂಬರ್ ಮತ್ತು ಚಿತ್ರ ಎರಡನ್ನೂ ಸೇರಿಸಿ ನೋಡುವ ಒಂದು ಹಳೆಯ ಲೆಕ್ಕ ಇದೆ, ಆರ್‌ಎಂಐ ಅಂತಾರೆ. 1990ರಿಂದ ಬಳಕೆಯಲ್ಲಿದೆ. ಸ್ಕ್ಯಾನ್‌ನಲ್ಲಿ ಐದು ವಿಷಯ ನೋಡುತ್ತಾರೆ: ಗಡ್ಡೆಯಲ್ಲಿ ಹಲವು ಗೂಡು ಇದೆಯಾ, ಗಟ್ಟಿ ಭಾಗ ಇದೆಯಾ, ಎರಡೂ ಕಡೆ ಇದೆಯಾ, ಹೊಟ್ಟೆಯಲ್ಲಿ ನೀರಿದೆಯಾ, ಬೇರೆ ಕಡೆ ಹರಡಿದೆಯಾ. ಯಾವುದೂ ಇಲ್ಲದಿದ್ದರೆ 0, ಒಂದಿದ್ದರೆ 1, ಎರಡು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 3. ಮುಟ್ಟು ಇರುವವರಿಗೆ 1, ನಿಂತವರಿಗೆ 3. ಇವೆರಡನ್ನೂ ಸಿಎ-125 ಜೊತೆ ಗುಣಿಸುತ್ತಾರೆ. 200 ದಾಟಿದರೆ ಕ್ಯಾನ್ಸರ್ ಆಸ್ಪತ್ರೆಗೆ ಕಳಿಸುತ್ತೇವೆ.

ಇದೇ 68 ಇಟ್ಟುಕೊಂಡು ಹೇಳುತ್ತೇನೆ. ಮುಟ್ಟು ನಿಂತ ಹೆಂಗಸು, ಗಡ್ಡೆಯಲ್ಲಿ ಗಟ್ಟಿ ಭಾಗ ಇದೆ, ಹೊಟ್ಟೆಯಲ್ಲಿ ನೀರೂ ಇದೆ ಅಂದರೆ 3 ಗುಣಿಸು 3 ಗುಣಿಸು 68, 612 ಆಗುತ್ತದೆ. ನಿಮ್ಮ ಅಮ್ಮನಿಗೆ ಮುಟ್ಟು ಇದೆ, ಸ್ಕ್ಯಾನ್‌ನಲ್ಲಿ ಏನೂ ಇಲ್ಲ, ಹಾಗಾಗಿ 0. ನಂಬರ್ ಒಂದೇ. ಯಾರದ್ದು, ಜೊತೆಗೆ ಏನು ಕಾಣುತ್ತಿದೆ ಅನ್ನುವುದೇ ಎಲ್ಲ.

ಕೇಳಬೇಕಾದದ್ದು: ಒಳಗಿನ ಸ್ಕ್ಯಾನ್, ಮುಟ್ಟು ಮುಗಿದು ಒಂದಿಷ್ಟು ದಿನ ಆದ ಮೇಲೆ ಅದೇ ಲ್ಯಾಬ್‌ನಲ್ಲಿ ಮತ್ತೆ ಸಿಎ-125. ಬೇಕಿದ್ದರೆ ಎಚ್‌ಇ4 ಅನ್ನುವ ಇನ್ನೊಂದು ರಕ್ತ ಪರೀಕ್ಷೆ ಇದೆ, ಎಂಡೋಮೆಟ್ರಿಯೋಸಿಸ್‌ಗೆ ಅದು ಸಾಮಾನ್ಯವಾಗಿ ಏರುವುದಿಲ್ಲ. ಮತ್ತೆ, ಅಮ್ಮನ ತಾಯಿ, ಅಕ್ಕತಂಗಿಯರಿಗೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿತ್ತಾ ಅಂತ ಮರೆಯದೆ ಹೇಳಿ. ಆಗಿದ್ದರೆ ಲೆಕ್ಕವೇ ಬೇರೆ, ಈ ಕ್ಯಾನ್ಸರ್‌ಗಳ ಅಪಾಯ ವಂಶದಲ್ಲಿ ಬಂದಿದೆಯಾ ಅಂತ ನೋಡುವ ಬಿಆರ್‌ಸಿಎ ಜೀನ್ ಪರೀಕ್ಷೆ ಬಗ್ಗೆ ಮಾತಾಡಬೇಕಾಗುತ್ತದೆ.

ಬೆಣ್ಣೆನಗರಿ:
ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ. ಅಜ್ಜಿಗೆ 80 ದಾಟಿದೆ, ಗಟ್ಟಿಯಾಗಿದ್ದಾರೆ.

ಕೃಷ್ಣೆ_ಕಡೆಯವಳು:
ಟಿಬಿ ಮಾತು ಬಂತಲ್ಲ, ಹಾಗಾಗಿ ಬರೀತೀನ್ರಿ. ರಾಯಚೂರು ಕಡೆ ನಮ್ಮದು. ನಮ್ಮ ಅಕ್ಕಗೆ 31 ಇದ್ದಾಗ ಹೊಟ್ಟೆಯಲ್ಲಿ ನೀರು ತುಂಬಿತು. ಸಂಜೆ ಜ್ವರ, ತೂಕ ಇಳೀತು. ಸಿಎ-125 ಮಾಡಿದರೆ 600ರ ಮೇಲೆ. ಪೆಟ್ ಸ್ಕ್ಯಾನ್ ಮಾಡಿದರು, ಹೊಟ್ಟೆ ಒಳಗಿನ ಪೊರೆ ಪೂರ್ತಿ ಹೊಳೀತಿತ್ತು. ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೂರನೇ ಹಂತದ ಅಂಡಾಶಯ ಕ್ಯಾನ್ಸರ್, ಕೀಮೋ ಶುರು ಮಾಡೋಣ ಅಂದರು. ಬಯಾಪ್ಸಿ, ಅಂದರೆ ತುಂಡು ಪರೀಕ್ಷೆ ಮಾಡಿರಲಿಲ್ಲ. ಭಾವ ಹೊಲ ಅಡವಿಡಲಿಕ್ಕೆ ಓಡಾಡುತ್ತಿದ್ದರು.

ಇನ್ನೊಬ್ಬ ಡಾಕ್ಟರ್ ಹತ್ತಿರ ಹೋದಾಗ ಅವರು ಮೊದಲು ತುಂಡು ಪರೀಕ್ಷೆಗೆ ಹೋಗಲಿ ಅಂತ ಪಟ್ಟು ಹಿಡಿದರು. ಹೊಟ್ಟೆ ನೀರು ತೆಗೆದು ಟಿಬಿ ಸುಳಿವು ಕೊಡುವ ಎಡಿಎ ಪರೀಕ್ಷೆ ಮಾಡಿಸಿದರು, ಜಾಸ್ತಿ ಬಂತು. ಲ್ಯಾಪ್ರೋಸ್ಕೋಪಿ ಮಾಡಿ ಪೊರೆಯ ತುಂಡು ಕಳಿಸಿದರು. ಟಿಬಿ. ಆರು ತಿಂಗಳು ಸರ್ಕಾರಿ ಆಸ್ಪತ್ರೆ ಮಾತ್ರೆ, ಒಂದು ರೂಪಾಯಿ ಖರ್ಚಿಲ್ಲ. ಸಿಎ-125 ತಾನೇ ಇಳೀತು. ಈಗ ಎರಡು ಮಕ್ಕಳ ತಾಯಿ. ತುಂಡು ಪರೀಕ್ಷೆ ಇಲ್ಲದೆ ಯಾರಾದರೂ ಕೀಮೋ ಅಂದರೆ ಒಪ್ಪಬೇಡ್ರಿ, ಕೈ ಮುಗಿದು ಹೇಳ್ತೀನಿ.

ಸ್ಯಾಂಪಲ್_ರೂಮ್:
ಹೊಟ್ಟೆ ಟಿಬಿಯಲ್ಲಿ ಸಿಎ-125 ನೂರಾರು ಆಗುವುದು ನಮ್ಮ ದೇಶದಲ್ಲಿ ಅಪರೂಪವೇ ಅಲ್ಲ. ಹೊಟ್ಟೆಯಲ್ಲಿ ನೀರು ಯಾವ ಕಾರಣಕ್ಕೆ ತುಂಬಿದರೂ ಏರುತ್ತದೆ. ಎಡಿಎ ಸುಮಾರು 40ರ ಮೇಲೆ ಬಂದರೆ ಟಿಬಿ ಕಡೆಗೆ ಅನುಮಾನ ಗಟ್ಟಿಯಾಗುತ್ತದೆ. ಟಿಬಿ ಕ್ರಿಮಿಯ ಡಿಎನ್ಎ ಹುಡುಕುವ ಸಿಬಿನ್ಯಾಟ್ ಪರೀಕ್ಷೆಗೂ ಕಳಿಸುತ್ತಾರೆ, ಆದರೆ ಹೊಟ್ಟೆ ನೀರಿನಲ್ಲಿ ಟಿಬಿ ಕ್ರಿಮಿ ಕಡಿಮೆ ಇರುವುದರಿಂದ ಎಷ್ಟೋ ಸಲ ನೆಗೆಟಿವ್ ಬರುತ್ತದೆ. ನೆಗೆಟಿವ್ ಬಂತು ಅಂತ ಟಿಬಿ ಇಲ್ಲ ಅನ್ನುವ ಹಾಗಿಲ್ಲ. ಪೊರೆಯ ತುಂಡೇ ಬೇಕು.

ಚಿಕ್ಕಮ್ಮನ_ಮಗಳು:
ಕೃಷ್ಣೆ_ಕಡೆಯವಳು, ಓದಿ ಕಣ್ಣಲ್ಲಿ ನೀರು ಬಂತು. ಅಕ್ಕ ಚೆನ್ನಾಗಿರಲಿ.

ಗಿರಿನಗರ_ಶೆಟ್ರು:
ಗಂಡಸರ ವಿಷಯಕ್ಕೂ ಬನ್ನಿ. ನನ್ನ ಪಿಎಸ್‌ಎ, ಅಂದರೆ ಪ್ರಾಸ್ಟೇಟ್ ಗ್ರಂಥಿಯ ರಕ್ತ ಪರೀಕ್ಷೆ, 7.2 ಬಂದಿದೆ. ವಯಸ್ಸು 66. ನೇರ ಬಯಾಪ್ಸಿ ಅಂತ ಹೇಳಿದ್ದಾರೆ.

ಎಡಿಸನ್_ಕನ್ನಡಿಗ:
ಶೆಟ್ರೇ, ನ್ಯೂಜೆರ್ಸಿಯಲ್ಲಿದ್ದೇನೆ, ಇದೇ ದಾರಿ ತುಳಿದಿದ್ದೇನೆ. ಬಯಾಪ್ಸಿಗೆ ಮುಂಚೆ ಪ್ರಾಸ್ಟೇಟ್ ಎಂಆರ್‌ಐ ಮಾಡಬಹುದಾ ಅಂತ ಯೂರಾಲಜಿಸ್ಟನ್ನು ಕೇಳಿ. 2018ರಲ್ಲಿ ಪ್ರಿಸಿಷನ್ ಅನ್ನುವ ಅಧ್ಯಯನ ಬಂತು, 500 ಗಂಡಸರು. ಮೊದಲು ಎಂಆರ್‌ಐ ಮಾಡಿದ ಗುಂಪಿನಲ್ಲಿ ನೂರಕ್ಕೆ 28 ಜನರಿಗೆ ಬಯಾಪ್ಸಿಯೇ ಬೇಕಾಗಲಿಲ್ಲ. ಅಪಾಯಕಾರಿ ಕ್ಯಾನ್ಸರ್ ಸಿಕ್ಕಿದ್ದು ಮಾತ್ರ ಅದೇ ಗುಂಪಿನಲ್ಲಿ ಜಾಸ್ತಿ. ಯಾಕಂದರೆ ಸೂಜಿ ಎಲ್ಲಿ ಚುಚ್ಚಬೇಕು ಅಂತ ಚಿತ್ರ ತೋರಿಸುತ್ತದೆ. ರಿಪೋರ್ಟ್‌ನಲ್ಲಿ ಕ್ಯಾನ್ಸರ್ ಅನುಮಾನ ಎಷ್ಟು ಅಂತ ಪೈರಾಡ್ಸ್ ಅನ್ನುವ ಅಂಕ 1ರಿಂದ 5ರವರೆಗೆ ಕೊಡುತ್ತಾರೆ. 4, 5 ಬಂದರೆ ಬಯಾಪ್ಸಿ ಬೇಕೇ ಬೇಕು.

ಇನ್ನೊಂದು ಮಾತು. ಮೂತ್ರದ ಸೋಂಕು ಇತ್ತೀಚೆಗೆ ಆಗಿತ್ತಾ? ಕ್ಯಾಥೆಟರ್ ಹಾಕಿದ್ದರಾ? ಎರಡರಲ್ಲೂ ಪಿಎಸ್‌ಎ ಏರುತ್ತದೆ. ಸೋಂಕು ವಾಸಿಯಾಗಿ ಆರು ವಾರ ಬಿಟ್ಟು ಮತ್ತೆ ಮಾಡಿಸಿ.

ಹೆರಿಗೆವಾರ್ಡ್:
ಜೊತೆಗೆ ಪ್ರಾಸ್ಟೇಟ್ ದಪ್ಪವಾದರೆ ಕೊಡುವ ಫಿನಾಸ್ಟರೈಡ್ ಅಥವಾ ಡ್ಯುಟಾಸ್ಟರೈಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಅಂಥವರಿಗೆ 3 ಬಂದರೆ ಅದನ್ನು 6 ಅಂತ ಓದಬೇಕು. ಇದನ್ನು ಬಹಳ ಜನ ಹೇಳುವುದೇ ಇಲ್ಲ.

ಗಿರಿನಗರ_ಶೆಟ್ರು:
ಹೋದ ತಿಂಗಳು ಉರಿಮೂತ್ರ ಆಗಿ ಆ್ಯಂಟಿಬಯೋಟಿಕ್ ತಗೊಂಡಿದ್ದೆ. ಕೇಳುತ್ತೇನೆ. ಉಪಕಾರ ಆಯ್ತು.

ಬಯಲುಸೀಮೆ:
ಇಲ್ಲಿ ಎಲ್ಲರೂ ಪ್ಯಾಕೇಜ್ ತಪ್ಪು ಅನ್ನುವ ಹಾಗೆ ಮಾತಾಡುತ್ತಿದ್ದೀರಿ. ನಮ್ಮ ಭಾವನಿಗೆ ಇಂಥದ್ದೇ ಚೆಕಪ್‌ನ ಹೊಟ್ಟೆ ಸ್ಕ್ಯಾನ್‌ನಲ್ಲಿ ಕಿಡ್ನಿಯಲ್ಲಿ ಸಣ್ಣ ಗಡ್ಡೆ ಸಿಕ್ಕಿತು. ತೆಗೆದರು. ಕ್ಯಾನ್ಸರ್ ಅಂತಲೇ ಬಂತು. ಈಗ ಆರಾಮಾಗಿದ್ದಾರೆ. ಪ್ಯಾಕೇಜ್ ಇಲ್ಲದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಕತ್ತಲೆಕೋಣೆ:
ಭಾವನವರಿಗೆ ಒಳ್ಳೆಯದಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಬ್ಬರ ಅನುಭವದಿಂದ ಊರಿಗೆಲ್ಲ ಸ್ಕ್ಯಾನ್ ಮಾಡಿದರೆ ಏನಾಗುತ್ತೆ ಅಂತ ದಕ್ಷಿಣ ಕೊರಿಯಾ ನೋಡಿ. ಅಲ್ಲಿ 1999ರಲ್ಲಿ ಸರ್ಕಾರದ ಕ್ಯಾನ್ಸರ್ ತಪಾಸಣೆ ಶುರುವಾಯಿತು. ಥೈರಾಯ್ಡ್ ಆ ಪಟ್ಟಿಯಲ್ಲಿ ಇರಲಿಲ್ಲ. ಆದರೂ ಸ್ವಲ್ಪ ದುಡ್ಡು ಕೊಟ್ಟರೆ ಕುತ್ತಿಗೆ ಸ್ಕ್ಯಾನೂ ಸೇರಿಸಿ ಕೊಡುತ್ತಿದ್ದರು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪ್ರಮಾಣ 1993ರ 15 ಪಟ್ಟು. ಸಾವಿನ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಅಂದರೆ ಜೀವನಪೂರ್ತಿ ತೊಂದರೆ ಕೊಡದ ಸಣ್ಣ ಗಂಟುಗಳನ್ನು ಹುಡುಕಿ ಹುಡುಕಿ ಕೊಯ್ದರು. ಆ ಜನ ಈಗ ಜೀವನಪೂರ್ತಿ ಥೈರಾಯ್ಡ್ ಮಾತ್ರೆ ನುಂಗುತ್ತಿದ್ದಾರೆ, ಕೆಲವರ ಧ್ವನಿಯೇ ಹೋಗಿದೆ. ನೀವು ಕೇಳಿದ್ದಿರಲ್ಲ, ಬೇಗ ಸಿಕ್ಕರೂ ಸಾವು ಕಡಿಮೆಯಾಗದೆ ಇರುವುದು ಹೇಗೆ ಅಂತ. ಇದು ಒಂದು ಕಾರಣ. ಇನ್ನೊಂದು, ಕೆಲವು ಕ್ಯಾನ್ಸರ್ ಸ್ಕ್ಯಾನ್‌ಗೆ ಕಾಣುವ ಮೊದಲೇ ಹರಡಿರುತ್ತವೆ.

ಬಯಲುಸೀಮೆ:
ಕೊರಿಯಾ ವಿಷಯ ಗೊತ್ತಿರಲಿಲ್ಲ. ಆದರೂ ನನ್ನ ಭಾವನ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಲ್ಲ.

ತುಂಗಾತೀರ:
ಕೋವಿಡ್ ಟೈಮ್‌ನಲ್ಲೂ ಇದೇ ಆಯ್ತಲ್ಲ. 2021ರ ಏಪ್ರಿಲ್, ಮೇನಲ್ಲಿ ಯಾರನ್ನು ಕೇಳಿದರೂ ಸಿಟಿ ಸ್ಕೋರ್ 25ಕ್ಕೆ ಎಷ್ಟು, ಡಿ-ಡೈಮರ್ ಎಷ್ಟು, ಸಿಆರ್‌ಪಿ ಎಷ್ಟು. ಸುಮ್ಮನೆ ನೆಗಡಿ ಇದ್ದವರೂ ಸ್ಕ್ಯಾನಿಂಗ್ ಸೆಂಟರ್ ಮುಂದೆ ಕ್ಯೂ ನಿಂತಿದ್ದರು. ಆಗಿನ ಏಮ್ಸ್ ನಿರ್ದೇಶಕರೇ ಸೌಮ್ಯ ಲಕ್ಷಣಕ್ಕೆ ಸಿಟಿ ಬೇಡ, ಒಂದು ಸಿಟಿ 300ರಿಂದ 400 ಎದೆ ಎಕ್ಸ್‌ರೇಗೆ ಸಮ ಅಂತ ಹೇಳಿದ್ದರು.

ಕತ್ತಲೆಕೋಣೆ:
ಆ 300-400 ಲೆಕ್ಕ ಹಳೆಯ ಮೆಷಿನ್‌ಗಳದ್ದು ಅಂತ ರೇಡಿಯಾಲಜಿಸ್ಟರ ಸಂಘ ಆಗಲೇ ಆಕ್ಷೇಪಿಸಿತ್ತು. ಈಗಿನ ಕಡಿಮೆ ಡೋಸ್ ಸಿಟಿಯಲ್ಲಿ ವಿಕಿರಣ ತುಂಬಾ ಕಡಿಮೆ. ಬೇಕಾದಾಗ ಮಾಡಿಸಲು ಹೆದರಬಾರದು. ಸೌಮ್ಯ ಲಕ್ಷಣಕ್ಕೆ ಬೇಡ ಅನ್ನುವುದು ಮಾತ್ರ ಸರಿ ಇತ್ತು.

ಡಿ-ಡೈಮರ್ ಹೇಳಿದಿರಿ, ಅದು ಒಳ್ಳೆಯ ಉದಾಹರಣೆ. ರಕ್ತ ಹೆಪ್ಪುಗಟ್ಟಿ ಕರಗುವಾಗ ಉಳಿಯುವ ಚೂರುಗಳು ಅವು. ಶ್ವಾಸಕೋಶದಲ್ಲಿ ಹೆಪ್ಪು ಇದೆಯಾ ಅನ್ನುವ ಅನುಮಾನ ಕಡಿಮೆ ಇದ್ದು ಡಿ-ಡೈಮರ್ ನಾರ್ಮಲ್ ಬಂದರೆ ಸಿಟಿ ಬೇಡ ಅಂತ ನಿಶ್ಚಿಂತೆಯಿಂದ ಕಳಿಸಬಹುದು. ಆದರೆ ಏರಿದರೆ ಅದರಿಂದ ಏನೂ ಸಾಬೀತಾಗಲ್ಲ. ಸೋಂಕು, ಆಪರೇಷನ್, ಬಸಿರು, ವಯಸ್ಸು, ಎಲ್ಲಕ್ಕೂ ಏರುತ್ತದೆ. ಹಾಗಾಗಿ 50 ದಾಟಿದವರಿಗೆ ವಯಸ್ಸನ್ನು 10ರಿಂದ ಗುಣಿಸಿ ಗೆರೆ ಹಾಕುತ್ತಾರೆ. 70 ವರ್ಷದವರಿಗೆ 500ರ ಬದಲು 700. ಕಾಯಿಲೆ ಇಲ್ಲ ಅಂತ ಹೇಳಲು ಇರುವ ಪರೀಕ್ಷೆಯನ್ನು ಇದೆ ಅಂತ ಹೇಳಲು ಬಳಸಿದರೆ ಎಡವಟ್ಟು.

ಅಡಿಕೆತೋಟ:
ನನ್ನದು ಬೇರೆ ಪ್ರಶ್ನೆ, ಇಲ್ಲೇ ಕೇಳಬಹುದಾ? ಸ್ಕ್ಯಾನ್‌ನಲ್ಲಿ ಫ್ಯಾಟಿ ಲಿವರ್ ಗ್ರೇಡ್ 2 ಅಂತ ಬಂದಿದೆ. ವಯಸ್ಸು 52, ಶುಗರ್ ಇದೆ. ಎಸ್‌ಜಿಒಟಿ 48, ಎಸ್‌ಜಿಪಿಟಿ 60, ಪ್ಲೇಟ್‌ಲೆಟ್ 2.1 ಲಕ್ಷ. ಗ್ರೇಡ್ 2 ಅಂದರೆ ಅಪಾಯವಾ?

ಸ್ಯಾಂಪಲ್_ರೂಮ್:
ಗ್ರೇಡ್ ಅಂದರೆ ಕೊಬ್ಬು ಎಷ್ಟಿದೆ ಅಂತ. ಲಿವರ್ ಗಟ್ಟಿಯಾಗುತ್ತಿದೆಯಾ ಅನ್ನುವುದು ಮುಖ್ಯ, ಅದು ಮಾಮೂಲಿ ಸ್ಕ್ಯಾನ್‌ನಲ್ಲಿ ಶುರುವಿಗೆ ಗೊತ್ತಾಗಲ್ಲ. ನಿಮ್ಮ ಹತ್ತಿರ ಇರುವ ರಿಪೋರ್ಟಿನಲ್ಲೇ ಒಂದು ಲೆಕ್ಕ ಮಾಡಬಹುದು, ಫಿಬ್-4 ಅಂತ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಅದನ್ನು ಪ್ಲೇಟ್‌ಲೆಟ್ ಮತ್ತು ಎಸ್‌ಜಿಪಿಟಿಯ ವರ್ಗಮೂಲದ ಗುಣಲಬ್ಧದಿಂದ ಭಾಗಿಸಿ. 2.1 ಲಕ್ಷ ಅಂದರೆ 210 ಅಂತ ಹಾಕಬೇಕು. ನಿಮ್ಮದು 52 ಗುಣಿಸು 48, 2496. 60ರ ವರ್ಗಮೂಲ 7.75, ಅದನ್ನು 210ರಿಂದ ಗುಣಿಸಿದರೆ ಸುಮಾರು 1627. ಭಾಗಿಸಿದರೆ 1.53. 1.3ಕ್ಕಿಂತ ಕಡಿಮೆ ಇದ್ದರೆ ಸದ್ಯಕ್ಕೆ ಚಿಂತೆ ಇಲ್ಲ, 2.67 ದಾಟಿದರೆ ಲಿವರ್ ತಜ್ಞರನ್ನು ಬೇಗ ನೋಡಬೇಕು. ನಿಮ್ಮದು ಮಧ್ಯೆ ಇದೆ. ಲಿವರ್ ಎಷ್ಟು ಗಟ್ಟಿ ಅಂತ ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಿ, 8 ಕಿಲೋಪಾಸ್ಕಲ್‌ಗಿಂತ ಕಡಿಮೆ ಬಂದರೆ ಒಳ್ಳೆಯದು. 65 ದಾಟಿದವರಿಗೆ 1.3 ಬದಲು 2 ಅಂತ ಓದಬೇಕು, ಯಾಕಂದರೆ ವಯಸ್ಸೇ ಲೆಕ್ಕದಲ್ಲಿ ಸೇರಿದೆ.

ಅಡಿಕೆತೋಟ:
ಇಷ್ಟು ಸಲ ತೋರಿಸಿದ್ದೇನೆ, ಯಾರೂ ಈ ಲೆಕ್ಕ ಹೇಳಿರಲಿಲ್ಲ. ಬರೆದಿಟ್ಟುಕೊಂಡೆ.

ಎಡಿಸನ್_ಕನ್ನಡಿಗ:
ಒಂದೇ ರಕ್ತ ಪರೀಕ್ಷೆಯಲ್ಲಿ ಹಲವು ಕ್ಯಾನ್ಸರ್ ಹುಡುಕುವ ಹೊಸ ಪರೀಕ್ಷೆಗಳ ಬಗ್ಗೆ ಏನಂತೀರಿ? ಇಲ್ಲಿ ಗ್ಯಾಲೆರಿ ಅಂತ ಇದೆ. ಬೆಂಗಳೂರಿನ ಸ್ಟ್ರ್ಯಾಂಡ್ ಲೈಫ್ ಸೈನ್ಸಸ್ ಕೂಡ 2024ರ ಡಿಸೆಂಬರ್‌ನಲ್ಲಿ ಕ್ಯಾನ್ಸರ್‌ಸ್ಪಾಟ್ ಅಂತ ತಂದಿದೆ. ಗಡ್ಡೆಯಿಂದ ರಕ್ತಕ್ಕೆ ಬಿದ್ದ ಡಿಎನ್ಎ ಚೂರುಗಳ ಗುರುತು ನೋಡುತ್ತಾರೆ.

ಹೆರಿಗೆವಾರ್ಡ್:
ವಿಜ್ಞಾನ ಚೆನ್ನಾಗಿದೆ. ಆದರೆ ಸಿಎ-125ಗೆ ಕೇಳಿದ ಪ್ರಶ್ನೆಯನ್ನೇ ಅದಕ್ಕೂ ಕೇಳಬೇಕು. ಎಷ್ಟು ಕ್ಯಾನ್ಸರ್ ಸಿಕ್ಕಿತು ಅಂತಲ್ಲ, ಎಷ್ಟು ಸಾವು ತಪ್ಪಿತು ಅಂತ.

ಸಾವು ತಪ್ಪಿಸಿದ್ದು ಸಾಬೀತಾದ ಪರೀಕ್ಷೆಗಳು ನಮ್ಮ ಕೈಯಲ್ಲೇ ಇವೆ, ಅಗ್ಗವಾಗಿವೆ, ಯಾರೂ ಮಾಡಿಸುತ್ತಿಲ್ಲ. ಮುಂಬೈ ಕೊಳೆಗೇರಿಗಳಲ್ಲಿ ಟಾಟಾ ಆಸ್ಪತ್ರೆಯವರು ಸುಮಾರು ಒಂದೂವರೆ ಲಕ್ಷ ಹೆಂಗಸರ ಮೇಲೆ ನಡೆಸಿದ ಅಧ್ಯಯನ ಇದೆ. ಹತ್ತನೇ ಕ್ಲಾಸ್ ಓದಿದ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು, ಗರ್ಭಕೋಶದ ಬಾಯಿಗೆ (ಗರ್ಭಕೊರಳಿಗೆ) ವಿನೆಗರ್‌ನಂಥ ದ್ರಾವಣ ಹಚ್ಚಿ ಬರಿಗಣ್ಣಲ್ಲಿ ನೋಡಿಸಿದರು. ಬಿಳಿ ಮಚ್ಚೆ ಕಂಡರೆ ಮುಂದಿನ ಪರೀಕ್ಷೆ. ಗರ್ಭಕೊರಳಿನ ಕ್ಯಾನ್ಸರ್ ಸಾವು ನೂರಕ್ಕೆ 31ರಷ್ಟು ಕಡಿಮೆಯಾಯಿತು. ತಿರುವನಂತಪುರದಲ್ಲಿ ಬಾಯಿ ತೆರೆಸಿ ನೋಡಿದ್ದಷ್ಟೇ, ತಂಬಾಕು, ಮದ್ಯ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ನೂರಕ್ಕೆ 34 ಕಡಿಮೆ. ಗುಟ್ಕಾ, ಎಲೆಅಡಿಕೆ ಜೊತೆ ಹೊಗೆಸೊಪ್ಪು ಇಷ್ಟೊಂದು ಇರುವ ನಮ್ಮ ರಾಜ್ಯಕ್ಕೆ ಇದು ಎಷ್ಟು ಮುಖ್ಯ ಅಂತ ಯೋಚಿಸಿ. 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳು, ಮೂರೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಪುಕ್ಕಟೆ ನೋಡುವ ಕಾರ್ಯಕ್ರಮ ಇದೆ. ಪ್ಯಾಕೇಜ್‌ಗೆ ಸಾವಿರಾರು ಕೊಡುವ ಮನೆಯವರೂ ಇದಕ್ಕೆ ಹೋಗುವುದಿಲ್ಲ. ನನಗೆ ಬೇಸರ ಆಗುವುದು ಇಲ್ಲಿ.

ಬಯಲುಸೀಮೆ:
ಇದನ್ನು ಒಪ್ಪುತ್ತೇನೆ. ನಮ್ಮ ಊರಿನ ಕೇಂದ್ರದಲ್ಲಿ ಹೆಂಗಸರು ನಾಚಿಕೊಂಡು ಹೋಗಲ್ಲ, ಅದೂ ಒಂದು ಕಾರಣ.

ಬೆಣ್ಣೆನಗರಿ:
ಒಂದು ಸುದ್ದಿ. ಒಳಗಿನ ಸ್ಕ್ಯಾನ್‌ನಲ್ಲಿ ಅಡಿನೋಮಯೋಸಿಸ್ ಅಂತ ಬಂತು, ಅಂಡಾಶಯ ಎರಡೂ ಚೆನ್ನಾಗಿವೆ. ಮುಟ್ಟು ಮುಗಿದ ಮೇಲೆ ಮತ್ತೆ ಮಾಡಿಸಿದ ಸಿಎ-125 ಈಗ 31. ಬ್ಲೀಡಿಂಗ್‌ಗೆ ಔಷಧಿ ಶುರು ಮಾಡಿದ್ದಾರೆ. ಡಾಕ್ಟರ್ ಹೇಳಿದಂತೆ ಅದೇ ದಿನ ವಿನೆಗರ್ ಪರೀಕ್ಷೆಯನ್ನೂ ಮಾಡಿಸಿದೆವು.

ಚಿಕ್ಕಮ್ಮನ_ಮಗಳು:
ಕೇಳಿ ಖುಷಿಯಾಯಿತು. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಎರಡನೇ_ಇನ್ನಿಂಗ್ಸ್:
ಇಷ್ಟು ದಿನ ಓದುತ್ತಿದ್ದೆ, ಈಗ ಬರೆಯುತ್ತೇನೆ. ನನಗೆ ಅಂಡಾಶಯ ಕ್ಯಾನ್ಸರ್ ಆಗಿ ಆಪರೇಷನ್, ಕೀಮೋ ಮುಗಿದಿದೆ. ನಮ್ಮಂಥವರಿಗೆ ಸಿಎ-125 ಬೇರೆಯೇ ವಸ್ತು. ಕೀಮೋ ಸಮಯದಲ್ಲಿ ಪ್ರತಿ ಸಲ ಇಳಿಯುತ್ತಾ ಹೋಗಿದ್ದು ನೋಡಿ ಔಷಧಿ ಕೆಲಸ ಮಾಡುತ್ತಿದೆ ಅಂತ ಗೊತ್ತಾಗುತ್ತಿತ್ತು. ದಯವಿಟ್ಟು ಇಲ್ಲಿ ಓದಿದವರು ಸಿಎ-125 ಉಪಯೋಗವಿಲ್ಲದ್ದು ಅಂದುಕೊಂಡು ಹೋಗಬೇಡಿ. ಈಗ ಮೂರು ತಿಂಗಳಿಗೊಮ್ಮೆ ಮಾಡಿಸುತ್ತೇನೆ. ರಿಪೋರ್ಟ್ ಬರುವ ದಿನ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಅದನ್ನು ಬಿಟ್ಟು ಬಿಡಬಹುದಾ ಅಂತ ಕೆಲವೊಮ್ಮೆ ಅನ್ನಿಸುತ್ತದೆ.

ಹೆರಿಗೆವಾರ್ಡ್:
ನಿಮ್ಮ ಪ್ರಶ್ನೆಗೆ ಒಂದೇ ಉತ್ತರ ಇಲ್ಲ ಅಕ್ಕ. 2010ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಲಕ್ಷಣ ಇಲ್ಲದೆ ಬರೀ ಸಿಎ-125 ಏರಿದಾಗಲೇ ಕೀಮೋ ಶುರು ಮಾಡಿದವರು, ಲಕ್ಷಣ ಬರುವವರೆಗೆ ಕಾದವರು, ಇಬ್ಬರೂ ಬದುಕಿದ ಕಾಲ ಒಂದೇ ಆಗಿತ್ತು. ಬೇಗ ಶುರು ಮಾಡಿದವರು ಸುಮಾರು ಐದು ತಿಂಗಳು ಮೊದಲೇ ಕೀಮೋ ಕಷ್ಟ ಅನುಭವಿಸಿದರು, ಅಷ್ಟೇ. ಹಾಗಾಗಿ ಕೆಲವರು ಮಾಡಿಸದೇ ಇರುವುದನ್ನೇ ಆರಿಸಿಕೊಳ್ಳುತ್ತಾರೆ, ಅದು ತಪ್ಪಲ್ಲ. ಆದರೆ ಆಮೇಲೆ ಕಾಲ ಬದಲಾಗಿದೆ. ಮರುಕಳಿಸಿದ ಗಡ್ಡೆಯನ್ನು ಪೂರ್ತಿ ತೆಗೆಯಲು ಆಗುವಂಥವರಿಗೆ ಎರಡನೇ ಆಪರೇಷನ್‌ನಿಂದ ಆಯುಷ್ಯ ಹೆಚ್ಚುತ್ತದೆ ಅಂತ 2021ರಲ್ಲಿ ಜರ್ಮನಿ ನೇತೃತ್ವದ ಅಧ್ಯಯನ ತೋರಿಸಿತು. ಅಂಥವರಿಗೆ ಬೇಗ ಗೊತ್ತಾಗುವುದು ಉಪಯೋಗ. ನೀವು ಆ ಗುಂಪಿಗೆ ಸೇರುತ್ತೀರಾ ಅಂತ ನಿಮ್ಮ ಆಂಕಾಲಜಿಸ್ಟನ್ನೇ ನೇರವಾಗಿ ಕೇಳಿ. ಉತ್ತರದ ಮೇಲೆ ಪರೀಕ್ಷೆ ಬೇಕೋ ಬೇಡವೋ ನೀವೇ ನಿರ್ಧರಿಸಬಹುದು.

ಎರಡನೇ_ಇನ್ನಿಂಗ್ಸ್:
ಯಾರೂ ನನಗೆ ಹೀಗೆ ಬಿಡಿಸಿ ಹೇಳಿರಲಿಲ್ಲ. ಮುಂದಿನ ಸಲ ಕೇಳುತ್ತೇನೆ. ಇನ್ನೊಂದು ಸಂದೇಹ, ಹೋದ ಸಲ ಬೇರೆ ಲ್ಯಾಬ್‌ನಲ್ಲಿ ಮಾಡಿಸಿದೆ, 14ರಿಂದ 19 ಆಯ್ತು. ಅದು ಏರಿಕೆ ಅಂತ ಲೆಕ್ಕವಾ?

ಸ್ಯಾಂಪಲ್_ರೂಮ್:
ಬೇರೆ ಲ್ಯಾಬ್ ಅಂದರೆ ಬೇರೆ ಕಿಟ್ ಇರಬಹುದು, ಎರಡು ಕಿಟ್‌ಗಳ ನಂಬರ್ ಒಂದಕ್ಕೊಂದು ಹೋಲಿಸಬಾರದು. ರಿಪೋರ್ಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಯಾವ ವಿಧಾನ ಅಂತ ಬರೆದಿರುತ್ತದೆ, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಹಳೆಯ ಲ್ಯಾಬ್‌ನಲ್ಲೇ ಇನ್ನೊಮ್ಮೆ ಮಾಡಿಸಿ, ಅದನ್ನು 14ರ ಜೊತೆ ಹೋಲಿಸಿ.